ಮುಯ್ಯಿಗೆ ಬಿಟ್ಟು ಹೋದ ಹದಿನಾರು ದಿನ

ಮೇ ತಿಂಗಳಲ್ಲಿ ನಮ್ಮನೆ ಬಾಗಿಲು ಹಾಕಿದ್ದು ನೋಡಿ ಸುಮಾರು ಜನ ಫೋನ್ ಮಾಡಿದ್ರಿ. ಗಾಬರಿ ಆಗೋಂಥದ್ದು ಏನೂ ಇಲ್ಲ. ನಾವಿಬ್ಬರೂ ನೆಂಟರು, ಸ್ನೇಹಿತರನ್ನ ನೋಡ್ಕೊಂಡು ಬರೋಕೆ ಹೋಗಿದ್ವಿ. 9ನೇ ತಾರೀಖು ಹೊರಟು 25ಕ್ಕೆ ವಾಪಸ್ ಬಂದ್ವಿ. "ಬೇಸಿಗೇಲಿ ತೋಟ ಬಿಟ್ಟು ಹೋದ್ರಲ್ಲ ಮಾರಾಯ್ರೆ, ನೀರು ಯಾರು ಬಿಟ್ರು?" ಅಂತ ಎಲ್ಲರದ್ದೂ ಒಂದೇ ಪ್ರಶ್ನೆ. ಅದಕ್ಕೆ ಉತ್ತರಾನೂ, ಹೋದಲ್ಲಿ ಕಂಡಿದ್ದೂ ಬರೀತೀನಿ. ಸ್ವಲ್ಪ ಉದ್ದ ಇದೆ, ಸಂಜೆ ಪುರಸೊತ್ತಾದಾಗ ಓದಿ.

ನಮ್ಮಾಕೆ ಶಾಲೆಯಿಂದ ನಿವೃತ್ತಿ ಆಗಿದ್ದು ಹೋದ ವರ್ಷ, 2023ರಲ್ಲಿ. ಅಲ್ಲೀವರೆಗೆ ಬೇಸಿಗೆ ರಜ ಅಂತ ಇದ್ದದ್ದು ಹೆಸರಿಗೆ ಮಾತ್ರ. ಒಂದು ವರ್ಷ ಗಣತಿ, ಇನ್ನೊಂದು ವರ್ಷ ಚುನಾವಣೆ, ಮತ್ತೊಂದು ವರ್ಷ ತರಬೇತಿ. ಈ ಸಲ ಮೇ 7ಕ್ಕೆ ಡ್ಯೂಟಿ ಇಲ್ಲದೆ ಬರೀ ಓಟು ಹಾಕಿ ಮನೆಗೆ ಬಂದವಳು, "ಇನ್ನು ನಿಮ್ಮ ತೋಟದ ನೆಪ ಒಂದೇ ಬಾಕಿ" ಅಂದ್ಲು. ನನಗೂ ಅರವತ್ತಾರು. ಮರ ಹತ್ತಿಸೋದು, ಔಷಧಿ ಹೊಡೆಸೋದು, ಲೆಕ್ಕ ಬರೆಯೋದು ಇಷ್ಟೇ ಕೆಲಸ. ಆದರೂ ಫೆಬ್ರವರಿಯಿಂದ ಮೇ ತನಕ ನಾವು ಅಡಿಕೆಯವರು ಪಂಪಿನ ಮನೆಗೆ ಕಟ್ಟಿಹಾಕಿದ ದನ ಇದ್ದಂಗೆ. ಮಳೆಗಾಲದಲ್ಲಿ ಕೊಳೆ ಔಷಧಿ, ಅದು ಮುಗಿದ್ರೆ ಕೊಯ್ಲು, ಸುಲಿತ. ಹಂಗಾಗಿ ನೆಂಟರನ್ನ ನೋಡೋದು ಮದುವೆ ಮನೇಲಿ, ಇಲ್ಲಾಂದ್ರೆ ಹದಿಮೂರನೇ ದಿನದ ಊಟದಲ್ಲಿ. ಹದಿಮೂರನೇ ದಿನಕ್ಕೆ ಹೋದ್ರೆ ಯಾರನ್ನ ನೋಡಬೇಕಿತ್ತೋ ಅವರೇ ಇರಲ್ಲ.

ನೀರಿಗೆ ಏನು ಮಾಡಿದ್ವಿ ಅಂದ್ರೆ, ಮುಯ್ಯಾಳು. ಸಣ್ಣವರಿಗೆ ಗೊತ್ತಿರಲಿಕ್ಕಿಲ್ಲ, ಮೊದಲೆಲ್ಲ ನೆಟ್ಟಿ, ಕೊಯ್ಲು, ಅಡಿಕೆ ಸುಲಿತ ಎಲ್ಲದಕ್ಕೂ ಮುಯ್ಯಾಳೇ. ನಿಮ್ಮನೆಯಿಂದ ನಮ್ಮನೆಗೆ ಎರಡಾಳು ಬಂದ್ರೆ, ನಮ್ಮನೆಯಿಂದ ನಿಮ್ಮನೆಗೆ ಎರಡಾಳು. ದುಡ್ಡಿನ ಮಾತೇ ಇಲ್ಲ. ಕೆಳಗಿನ ತೋಟದ ಗಂಡಹೆಂಡತೀನೂ ನಮ್ಮ ವಯಸ್ಸಿನವರೇ. ಅವರೂ ಎಲ್ಲಿಗಾದರೂ ಹೋಗಿ ವರ್ಷಗಳಾಗಿದ್ವು. ನಮ್ಮ ಹದಿನಾರು ದಿನ ಅವರು ನೋಡ್ಕೊಳ್ಳೋದು, ಅವರು ಹೋದಾಗ ನಾವು ನೋಡ್ಕೊಳ್ಳೋದು ಅಂತ ಮಾತಾಯ್ತು. ನಮ್ಮದು ಒಂದೂಮುಕ್ಕಾಲು ಎಕರೆ, ಜೆಟ್ ಇದೆ, ಗೇಟ್‌ವಾಲ್ವ್ ತಿರುಗಿಸಿದ್ರೆ ಆಯ್ತು. ದನ ಇಲ್ಲ, ನಾಯಿ ಒಂದು.

ಮೊದಲು ಚನ್ನಗಿರಿ ಕಡೆ, ನಾದಿನಿ ಮನೆಗೆ. ಶಿವಮೊಗ್ಗದ ತನಕ ಸರ್ಕಾರಿ ಬಸ್ಸು ಸಿಕ್ತು. ಇವಳಿಗೆ ಪುಕ್ಕಟೆ, ನನಗೆ ಹಿರಿಯ ನಾಗರಿಕ ಅಂತ ಕಾಲು ಭಾಗ ರಿಯಾಯಿತಿ. ಅಲ್ಲಿಂದ ಮುಂದೆ ಖಾಸಗಿ ಬಸ್ಸು, ಇಬ್ಬರಿಗೂ ಟಿಕೆಟ್.

ಆ ಕಡೆ ತೋಟ ನೋಡಿ ಹೊಟ್ಟೆ ಉರೀತು. ಹೋದ ವರ್ಷ ಮಳೆ ಕೈಕೊಟ್ಟು, ರಾಜ್ಯದ 236 ತಾಲ್ಲೂಕಲ್ಲಿ 223 ಬರಪೀಡಿತ ಅಂತ ಘೋಷಣೆ ಆಗಿದ್ದು ನಿಮಗೆ ನೆನಪಿದೆ. ಭದ್ರಾ ನಾಲೆ ನಂಬಿದವರಿಗೆ ನಾಲೆ ಇಲ್ಲ, ಬೋರು ನಂಬಿದವರಿಗೆ ಬೋರಿಲ್ಲ. ರಸ್ತೆ ತುಂಬ ಟ್ಯಾಂಕರು. ಷಡ್ಡಕ ಒಂದು ಲೆಕ್ಕ ಹೇಳಿದ. ಹನಿ ನೀರಾವರಿಯಲ್ಲೇ ಅಡಿಕೆ ಮರಕ್ಕೆ ಬೇಸಿಗೇಲಿ ದಿನಕ್ಕೆ 16ರಿಂದ 20 ಲೀಟರ್ ಬೇಕು. ಒಂಬತ್ತು ಅಡಿ ಅಂತರದಲ್ಲಿ ನೆಟ್ರೆ ಎಕರೆಗೆ ಸುಮಾರು 550 ಮರ. ಅಂದ್ರೆ ಒಂದು ಎಕರೆಗೆ, ಒಂದು ದಿನಕ್ಕೆ, ಐದು ಸಾವಿರ ಲೀಟರಿನ ಟ್ಯಾಂಕರ್ ಎರಡು! ಅವನದ್ದು ಮೂರು ಎಕರೆ. ಪೂರ್ತಿ ಕೊಡೋಕೆ ಆಗಲ್ಲ ಅಂತ ಮರ ಸಾಯದಷ್ಟು ಮಾತ್ರ ಕೊಟ್ಟಿದಾನೆ. ಬುಡಕ್ಕೆಲ್ಲ ಸೋಗೆ, ಸಿಪ್ಪೆ ಮುಚ್ಚಿದ್ದ. ಮುಚ್ಚಿಗೆ ಇದ್ದ ಸಾಲಿಗೂ ಇಲ್ಲದ ಸಾಲಿಗೂ ವ್ಯತ್ಯಾಸ ಕಣ್ಣಿಗೇ ಕಾಣುತ್ತೆ. ಗದ್ದೆಗೆಲ್ಲ ಅಡಿಕೆ ಹಾಕೋ ಯೋಚನೆ ಇರೋರು ಒಂದು ಸಲ ಆ ಕಡೆ ಹೋಗಿ ಬನ್ನಿ. ಬೇಡ ಅಂತ ನಾನು ಹೇಳ್ತಿಲ್ಲ. ನೋಡಿ, ಆಮೇಲೆ ಹಾಕಿ.

ಅವನ ಬೋರಲ್ಲಿ ಇದ್ದಷ್ಟು ನೀರು ಎತ್ತೋಕೆ ತ್ರೀಫೇಸ್ ಕರೆಂಟ್ ಬರೋದು ರಾತ್ರಿ. ಗಂಡಹೆಂಡತಿ ಪಾಳಿ ಮೇಲೆ ಎದ್ದು ಎದ್ದು ಸೋತಿದ್ರು. ಎರಡು ರಾತ್ರಿ ನಾನು ಟಾರ್ಚ್ ಹಿಡ್ಕೊಂಡು ಹೋದೆ. ವಾಲ್ವ್ ತಿರುಗಿಸೋಕೆ ನಂಟಸ್ತಿಕೆ ಅಡ್ಡ ಬರುತ್ತಾ? ಬೆಳಿಗ್ಗೆ ಎಂಟಾದ್ರೂ ಅವನು ಎದ್ದಿರಲಿಲ್ಲ. "ಎಬ್ಬಿಸಬೇಡಿ ಭಾವ, ಎಷ್ಟೋ ತಿಂಗಳಾಯ್ತು ಹಿಂಗೆ ಮಲಗಿ" ಅಂದ್ಲು ನಾದಿನಿ.

ಅಲ್ಲಿಂದ ಬೀರೂರಿಗೆ ಬಂದು ರೈಲು ಹಿಡಿದ್ವಿ. ಕಡೂರು, ಅರಸೀಕೆರೆ, ತಿಪಟೂರು. ರೈಲಲ್ಲಿ ಹಿರಿಯರ ರಿಯಾಯಿತಿ 2020ರಲ್ಲೇ ನಿಂತಿದೆ, ಪೂರ್ತಿ ಚಾರ್ಜು.

ತಿಪಟೂರಿನ ಪಕ್ಕದ ಹಳ್ಳಿಯವನು ನನ್ನ ಹಾಸ್ಟೆಲ್ ಸ್ನೇಹಿತ. ಶಿವಮೊಗ್ಗದಲ್ಲಿ ಎರಡು ವರ್ಷ ಒಂದೇ ರೂಮು. ಅವನು ಕಲ್ಪವೃಕ್ಷದ ನಾಡಿನವನು, ನಾನು ಅಡಿಕೆ ನಾಡಿನವನು, ಯಾವುದು ದೊಡ್ಡದು ಅಂತ ಜಗಳ ಆಡದ ದಿನ ಇಲ್ಲ. 1986ರಲ್ಲಿ ಅವರ ಮನೆಗೆ ಹೋದಾಗ, ಅವರಪ್ಪ ಆರಿಸಿದ ತಾಯಿಮರದ ಹತ್ತು ಸಸಿ ಗೋಣಿಚೀಲಕ್ಕೆ ಕಟ್ಟಿ ಬಸ್ಸಿನ ಮೇಲೆ ಹಾಕಿಸಿದ್ದ. ನಮ್ಮ ಅಂಗಳದ ಅಂಚಲ್ಲಿ ಇರೋವು ಅವೇ ಮರಗಳು.

ಅವನಿಗೆ ಮೂರು ವರ್ಷದ ಹಿಂದೆ ಲಕ್ವ ಹೊಡೀತು. ಬಲಗೈ ಬಲಗಾಲು ಬಿದ್ದುಹೋಗಿದೆ. ಮಾತು ತೊದಲು. ನನ್ನ ನೋಡಿದ ಕೂಡಲೇ ಗುರುತು ಸಿಕ್ತು, ಕಣ್ಣಲ್ಲಿ ನೀರು ಬಂತು. ಬಹಳ ಹೊತ್ತು ಕಷ್ಟಪಟ್ಟು ಒಂದೇ ಮಾತು ಕೇಳಿದ, "ಎಷ್ಟ್ ಉಳಿದವೆ?" ಅವನ ಹೆಂಡತಿಗೆ ಅರ್ಥ ಆಗಲಿಲ್ಲ. ನನಗೆ ಆಯ್ತು. "ಆರು ಉಳಿದಿವೆ. ಕಾಯಿ ಮಾತ್ರ ಮಂಗ ತಿನ್ನುತ್ತೆ, ನಮಗೆ ಸಿಪ್ಪೆ" ಅಂದೆ. ಒಂದೇ ಕಡೆ ಬಾಯಲ್ಲಿ ನಕ್ಕ ನೋಡಿ, ಹಾಸ್ಟೆಲಲ್ಲಿ ನಗ್ತಿದ್ದ ಥರಾನೇ.

ಅವನ ಮನೆ ಅಟ್ಟದ ತುಂಬ ಕಾಯಿ. ಉಂಡೆ ಕೊಬ್ಬರಿ ಆಗೋಕೆ ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲೇ ಇರಬೇಕು, ಒಳಗಿನ ನೀರು ತಾನಾಗಿ ಬತ್ತಬೇಕು. ಅಲ್ಲಾಡಿಸಿದ್ರೆ ಗಟಗಟ ಅಂದ್ರೆ ಆಯ್ತು ಅಂತ. 2024ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ಇತ್ತು, ಮಾರುಕಟ್ಟೆ ಅದರ ಕೆಳಗೇ ಓಡ್ತಿತ್ತು. ಮರಗಳಿಗೆ ಕಪ್ಪುತಲೆ ಹುಳು ಬಿದ್ದು ಗರಿ ಸುಟ್ಟಂಗೆ ಆಗಿವೆ. ಕಾಯಿಗೆ ನುಸಿ. ನೋಡ್ಕೊಳ್ಳೋ ಯಜಮಾನ ಮಂಚದ ಮೇಲೆ, ಮಗ ಪುಣೆಯಲ್ಲಿ.

ಆ ಹೆಂಗಸು ಮೂರು ವರ್ಷದಿಂದ ಒಂದು ರಾತ್ರಿನೂ ಮನೆ ಬಿಟ್ಟಿಲ್ಲ. ಅರಸೀಕೆರೆ ಹತ್ರಾನೇ ತವರು, ರೈಲಲ್ಲಿ ಅರ್ಧ ಗಂಟೆ ಅಷ್ಟೆ. ತೊಂಬತ್ತರ ತಾಯಿ ಇದಾರೆ, ಅವರನ್ನೂ ನೋಡೋಕೆ ಆಗಿಲ್ಲ. ಬಂದು ಹೋಗೋರು ಇಲ್ಲ ಅಂತಲ್ಲ, ಬೇಕಾದಷ್ಟು ಜನ ಬರ್ತಾರೆ. ಬಂದವರಿಗೆ ಕಾಫಿ ತಿಂಡಿ ಊಟ ಮಾಡಿ ಹಾಕೋದೂ ಅವರೇ. ಎರಡು ದಿನ ಇದ್ದು ಹೊರಡೋದು ಅಂತ ನಮ್ಮ ಲೆಕ್ಕ ಇತ್ತು. ಎರಡನೇ ದಿನ ರಾತ್ರಿ ನಮ್ಮಾಕೆ ಅವರ ಬ್ಯಾಗ್ ತಾನೇ ತುಂಬಿದ್ಲು. "ನೀವು ನಾಳೆ ಅಮ್ಮನ ಮನೆಗೆ ಹೋಗಿ. ಎರಡು ರಾತ್ರಿ ಇದ್ದು ಬನ್ನಿ. ಇವರ ಗುಳಿಗೆ, ಸ್ನಾನ, ಊಟ ಎಲ್ಲ ಬರ್ಕೊಂಡಿದೀನಿ" ಅಂದ್ಲು. ಅವರು ಒಪ್ಪಲಿಲ್ಲ. ಅವನೇ ಎಡಗೈ ಎತ್ತಿ ಬಾಗಿಲು ತೋರಿಸಿದ, ಹೋಗು ಅಂತ.

ಆ ಎರಡು ದಿನ ಅವನಿಗೆ ನಾನು ಸ್ನಾನ ಮಾಡಿಸಿದೆ. ಗಡ್ಡ ಕೆರೆದೆ. ಕುರ್ಚಿಯಲ್ಲಿ ಕೂರಿಸಿ ತೋಟದ ಅಂಚಿನ ತನಕ ಕರ್ಕೊಂಡು ಹೋದೆ. ಯಾವ ಮರ ಕಡಿಸಬೇಕು, ಯಾವ ಗರಿ ತೆಗೆಸಿ ಸುಡಬೇಕು ಅಂತ ಎಡಗೈಲಿ ತೋರಿಸ್ತಾ ಹೋದ, ನಾನು ಸುಣ್ಣದಲ್ಲಿ ಗುರುತು ಹಾಕಿದೆ. ಹದಿನಾಲ್ಕು ಮರ. ಯಜಮಾನಿಕೆ ಇನ್ನೂ ಅವನದ್ದೇ. ಅಲ್ಲೀತನಕ ಒಯ್ಯೋರು ಇರಲಿಲ್ಲ ಅಷ್ಟೆ.

ಮೂರನೇ ದಿನ ಅವರು ವಾಪಸ್ ಬಂದಾಗ ತಲೆಯಲ್ಲಿ ಮಲ್ಲಿಗೆ ಇತ್ತು. ತಾಯಿ ಮುಡಿಸಿದ್ದು ಅಂದ್ರು. ನಾನು ಮತ್ತೇನೂ ಬರೆಯಲ್ಲ ಅದರ ಬಗ್ಗೆ.

ಆಮೇಲೆ ಬೆಂಗಳೂರು, ಮಗಳ ಮನೆ. ಮೊಮ್ಮಗನ ಜೊತೆ ದಿನ ಹೋಗಿದ್ದೇ ಗೊತ್ತಾಗಲಿಲ್ಲ. ಅಲ್ಲೂ ಟ್ಯಾಂಕರ್ ನೀರೇ. "ಇಲ್ಲೇ ಬಂದಿರಿ" ಅಂದ್ಲು ಮಗಳು. "ಕಾಲು ಆಡೋ ತನಕ ನಾವೇ ಬಂದು ಹೋಗ್ತೀವಿ" ಅಂದ್ವಿ. ರಾತ್ರಿ ಮೈಸೂರು-ತಾಳಗುಪ್ಪ ರೈಲು ಹತ್ತಿದ್ರೆ ಬೆಳಿಗ್ಗೆ ಸಾಗರ.

ತೋಟ ಹೆಂಗಿತ್ತು? ಚೆನ್ನಾಗೇ ಇತ್ತು. ಪಂಪಿನ ಮನೆ ಬಾಗಿಲಿಗೆ ಒಂದು ಹಾಳೆ ಅಂಟಿಸಿ ಯಾವ ದಿನ ಯಾವ ವಾಲ್ವ್ ಅಂತ ಬರೆದಿಟ್ಟಿದ್ರು. ನಡುವೆ ಎರಡು ಒಳ್ಳೆ ಮಳೆನೂ ಬಂದು ಅವರಿಗೆ ಸ್ವಲ್ಪ ಹಗುರ ಆಯ್ತು. ನಾಯಿ ದಪ್ಪ ಆಗಿದೆ.

ನೀವೂ ಮಾಡೋದಾದ್ರೆ ನಮ್ಮ ಅನುಭವದಿಂದ ನಾಲ್ಕು ಮಾತು.

1. ಪಕ್ಕದ ತೋಟದವರ ಜೊತೇಲೇ ಮಾಡ್ಕೊಳ್ಳಿ. ದೂರದವರು ಒಳ್ಳೆಯವರೇ ಇರಬಹುದು, ಫ್ಯೂಸ್ ಹೋದಾಗ ಬರೋಕೆ ಆಗಲ್ಲ.
2. ಹೊರಡೋ ಮುಂಚೆ ಎರಡು ದಿನ ಜೊತೆಗೆ ನೀರು ಬಿಡಿಸಿ ತೋರಿಸಿ. ಸ್ಟಾರ್ಟರಿಗೆ ಬಿಡಿ ಸಾಮಾನು, ಮೋಟಾರ್ ರಿಪೇರಿಯವರ ನಂಬರ್ ಬರೆದಿಡಿ.
3. ದಿನಕ್ಕೆ ದಿನ ಲೆಕ್ಕ ಇರಲಿ. ದುಡ್ಡು ಬೇಡ. ದುಡ್ಡು ಬಂದ್ರೆ ಅದು ಕೂಲಿ ಆಗುತ್ತೆ, ಮುಂದಿನ ವರ್ಷ ಕೇಳೋಕೆ ಮುಜುಗರ.
4. ಹೋದ ಮನೇಲಿ ಮೊದಲ ದಿನ ನೆಂಟರಾಗಿರಿ, ಎರಡನೇ ದಿನದಿಂದ ಮುಯ್ಯಾಳಾಗಿ. ಹುಷಾರಿಲ್ಲದವರ ಮನೆ ಆದ್ರೆ ಮೊದಲ ದಿನದಿಂದಲೇ.

ಕೆಳಗಿನ ಮನೆಯವರು ಜೂನ್ 1ಕ್ಕೆ ಹೊರಡ್ತಾರೆ. ಮೊದಲು ಅವರ ತಂಗಿ ಮನೆ, ಆಮೇಲೆ ಧರ್ಮಸ್ಥಳ, ಒಟ್ಟು ಎಂಟು ದಿನ. ಬೋರ್ಡೋ ಹೊಡೆಯೋ ಹೊತ್ತಿಗೆ ವಾಪಸ್ ಬರ್ತಾರೆ. ಉಳಿದ ಎಂಟು ದಿನ ಮುಂದಿನ ಬೇಸಿಗೆಗೆ ಬಾಕಿ. ಅವರದ್ದು ಎರಡು ಹಸು, ಅದರಲ್ಲಿ ಒಂದು ಒದೆಯುತ್ತೆ. ಹಾಲು ಕರೆಯೋದು ನಮ್ಮಾಕೆ, ಹುಲ್ಲು ಸಗಣಿ ನನ್ನ ಪಾಲು. ಒದೆಯೋ ಹಸು ಪಳಗಿಸೋ ಉಪಾಯ ಗೊತ್ತಿರೋರು ಒಂದನೇ ತಾರೀಖಿನ ಒಳಗೆ ತಿಳಿಸಿ.