ಸ್ಟೌಟ್ ಬಾಟಲಿ ತೆರೆಯುವ ಮುನ್ನ

ಲೂಯಿಸ್, ಸಸೆಕ್ಸ್
ನವೆಂಬರ್

ಪ್ರೀತಿಯ ತಮ್ಮಾ,

ಬಾಟಲಿಗಳೆರಡೂ ಒಡೆಯದೆ ಚಿಕ್ಕಮಗಳೂರು ಮುಟ್ಟಿದವು ಅಂತ ಓದಿ ಸಮಾಧಾನವಾಯಿತು. ಫ್ರಿಜ್ಜಿನಲ್ಲಿಟ್ಟಿದ್ದೇನೆ, ಭಾನುವಾರ ತಣ್ಣಗೆ ಕುಡಿದು ನೋಡುತ್ತೇನೆ ಎಂದು ಬರೆದಿದ್ದೀಯಲ್ಲ, ಅದೊಂದು ಬೇಡ. ಈ ಕಾಗದ ಓದಿದ ಕೂಡಲೇ ಎರಡನ್ನೂ ಹೊರಗೆ ತೆಗೆದು ಉಗ್ರಾಣದ ನೆಲದ ಮೇಲೆ, ಕತ್ತಲಲ್ಲಿ, ನೆಟ್ಟಗೆ ನಿಲ್ಲಿಸು. ಫ್ರಿಜ್ಜಿನ ಚಳಿಯಲ್ಲಿ ಸ್ಟೌಟ್ ಎಂಬ ಇಂಥ ಗಟ್ಟಿ ಕಪ್ಪು ಬಿಯರ್ ಬಾಯಿ ಬಿಡುವುದೇ ಇಲ್ಲ. ಸುಟ್ಟ ಕಹಿಯೊಂದು ಬಿಟ್ಟು ಬೇರೇನೂ ಸಿಗದೆ, ಅಕ್ಕ ಇದನ್ನು ಯಾಕಪ್ಪಾ ಇಷ್ಟು ದೂರದಿಂದ ಕಳಿಸಿದಳು ಅಂತ ಅನ್ನಿಸೀತು. ಇದಕ್ಕೆ ಹನ್ನೆರಡು ಹದಿನಾಲ್ಕು ಡಿಗ್ರಿ ಬೇಕು. ನಿಮ್ಮಲ್ಲಿ ಈಗ ಉಗ್ರಾಣದೊಳಗೆ ಫ್ರಿಜ್ಜಿನ ಚಳಿಯಿಲ್ಲದ ತಂಪಿರುತ್ತದೆ.

ಕುಡಿಯುವ ವಸ್ತುವಿಗೆ ಅಂಕ ಹೇಗೆ ಕೊಡುತ್ತೀರಿ, ಜೋರಾಗಿದೆಯೋ ಇಲ್ಲವೋ ಅನ್ನುವುದನ್ನು ಬಿಟ್ಟು ನೋಡುವುದೇನಿದೆ ಅಂತ ಕೇಳಿದ್ದೀಯ. ದಿನಬೆಳಗಾದರೆ ಕ್ಯೂರಿಂಗ್ ವರ್ಕ್ಸಿನಲ್ಲಿ ಸಾಲಾಗಿ ಬಟ್ಟಲಿಟ್ಟುಕೊಂಡು ಕಾಫಿ ರುಚಿ ನೋಡುವ ನಿನಗೆ ಇದನ್ನು ಹೇಳುವುದು ಸುಲಭ. ಅಳುಕೂ ಇದೆ, ನಿನ್ನ ನಾಲಿಗೆ ನನ್ನದಕ್ಕಿಂತ ಚುರುಕು. ಬಿಯರ್ ತೀರ್ಪುಗಾರರಿಗೂ ನಿಮ್ಮ ಹಾಗೆ ಒಂದು ಹಾಳೆ ಇದೆ. 1985ರಲ್ಲಿ ಅಮೆರಿಕದಲ್ಲಿ ಶುರುವಾದ ಬಿಜೆಸಿಪಿ ಎಂಬ ಸಂಸ್ಥೆಯ ಆ ಹಾಳೆಯನ್ನೇ ಈಗ ಬಹಳ ದೇಶಗಳಲ್ಲಿ ಬಳಸುತ್ತಾರೆ. ಒಟ್ಟು 50 ಅಂಕ: ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಿಯಲ್ಲಿ ಅದರ ಮೈಗೆ 5, ಒಟ್ಟಾರೆ ಅನುಭವಕ್ಕೆ 10. ನೋಟಕ್ಕೆ ಎಷ್ಟು ಕಡಿಮೆ ನೋಡು. ಅದು ಸರಿಯೇ. ಕಪ್ಪಾಗಿರುವುದು ಯಾವ ದೊಡ್ಡ ವಿಷಯವೂ ಅಲ್ಲ.

ಒಂದು ಕಡೆ ಮಾತ್ರ ನಿನ್ನ ಕಸುಬು, ನನ್ನ ಅಭ್ಯಾಸ ತಿರುವುಮುರುವು. ನೀನು ಬಿಸಿ ಕಾಫಿ ತಣಿಯುತ್ತಾ ಹೋಗುವುದನ್ನು ಚಮಚದಿಂದ ಸೊರ್ರೆಂದು ಎಳೆದು ಹಿಂಬಾಲಿಸುತ್ತೀಯ. ಬಿಸಿಯಿರುವಾಗ ಅಡಗಿದ್ದ ಹುಳಿ, ಮಣ್ಣುವಾಸನೆ ತಣಿದ ಮೇಲೆ ಬಾಯಿಬಿಡುತ್ತದೆ. ಸ್ಟೌಟ್ ಹಾಗಲ್ಲ, ಅದು ತಂಪಿನಿಂದ ಬೆಚ್ಚಗಾಗುತ್ತಾ ಹೋಗುವಾಗ ಒಂದೊಂದೇ ಗುಟ್ಟು ಬಿಟ್ಟುಕೊಡುತ್ತದೆ. ಮೊದಲ ಗುಟುಕಿಗೆ ಬರೆದ ಅಂಕವನ್ನು ನಾನು ನಂಬುವುದಿಲ್ಲ. ಅಂಕ ಬರೆಯುವುದು ಅರ್ಧ ಗಂಟೆಯ ಮೇಲೆ, ಲೋಟದ ತಳದಲ್ಲಿ ಎರಡು ಗುಟುಕು ಉಳಿದಿರುವಾಗ.

ಲೋಟ ಅಂದೆ. ಹೊಟ್ಟೆ ಅಗಲ, ಬಾಯಿ ಕಿರಿದಾದ ಗಾಜಿನ ಲೋಟ ಸಿಕ್ಕರೆ ಒಳ್ಳೆಯದು, ವಾಸನೆ ಅಲ್ಲೇ ಕೂಡಿಕೊಂಡಿರುತ್ತದೆ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಬೇಡ. ನೊರೆಯ ಬಣ್ಣ ನೋಡಿಕೋ, ಕಂದು ಬಣ್ಣದ್ದು ಇರುತ್ತದೆ. ಮದ್ಯ ಹೆಚ್ಚಿದ್ದಾಗ ಅದು ಬೇಗ ಇಳಿಯುವುದುಂಟು, ಅದಕ್ಕೆ ಅಂಕ ಕಳೆಯಬೇಕಿಲ್ಲ. ಮೂರು ಅಂಕದ ಕೆಲಸ ಅಲ್ಲಿಗೆ ಮುಗಿಯಿತು.

ವಾಸನೆಯ ಹತ್ತಿರ ಮಾತ್ರ ಕಾಲ ತಗೋ. ಮೊದಲು ದೂರದಿಂದ, ಆಮೇಲೆ ಮೂಗು ಒಳಗಿಟ್ಟು ಸಣ್ಣದಾಗಿ. ಮೊದಲಿಗೆ ನಿನಗೆ ಕಾಫಿ ಸಿಗುತ್ತದೆ. ಇದರಲ್ಲಿ ಕಾಫಿ ಒಂದು ಕಾಳೂ ಇಲ್ಲ ತಮ್ಮಾ, ಇರುವುದು ಹುರಿದ ಬಾರ್ಲಿ ಮಾಲ್ಟ್. 1817ರಲ್ಲಿ ಲಂಡನ್ನಿನಲ್ಲಿ ಡೇನಿಯಲ್ ವೀಲರ್ ಅನ್ನುವವನು ಮಾಲ್ಟನ್ನು ತಿರುಗುವ ಲೋಹದ ಉರುಳೆಯಲ್ಲಿ ಹಾಕಿ, 200 ಡಿಗ್ರಿಗೂ ಮೇಲೆ ಕಾಯಿಸಿ, ಇದ್ದಿಲಾಗುವ ಮೊದಲೇ ನಿಲ್ಲಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಆ ಉರುಳೆ ನಿಮ್ಮ ಕಾಫಿ ರೋಸ್ಟರಿನ ಉರುಳೆಯಂಥದ್ದೇ. ಅದಕ್ಕೆ ಮೊದಲು ಪೋರ್ಟರ್ ಎಂಬ ಕಡುಬಣ್ಣದ ಬಿಯರ್ ಮಾಡುವವರು ಕಟ್ಟಿಗೆಯ ಬೆಂಕಿಯಲ್ಲಿ ಒಣಗಿಸಿದ ಕಂದು ಮಾಲ್ಟನ್ನು ರಾಶಿರಾಶಿ ಸುರಿಯಬೇಕಿತ್ತು, ಅದರಿಂದ ಸಿಹಿ ಹೆಚ್ಚು ಇಳಿಯುತ್ತಿರಲಿಲ್ಲ. ವೀಲರನ ಕಪ್ಪು ಮಾಲ್ಟ್ ಬಂದ ಮೇಲೆ ಬಹುಪಾಲು ತಿಳಿ ಮಾಲ್ಟ್, ಜೊತೆಗೆ ಸ್ವಲ್ಪ ಕಪ್ಪು ಅಂತಾಯಿತು. ಇವತ್ತಿನ ಸ್ಟೌಟುಗಳ ಬಣ್ಣ, ಘಮಲು ಎರಡಕ್ಕೂ ಬೇರು ಅಲ್ಲಿದೆ. ಹುರಿ ಮುಗಿಯುವ ಹೊತ್ತಿಗೆ ನೀರು ಚಿಮುಕಿಸಿ ತಣಿಸದಿದ್ದರೆ ಮಾಲ್ಟ್ ಹೊತ್ತಿಕೊಳ್ಳುತ್ತದೆ. ಆ ಕೊನೆಯ ಕ್ಷಣದ ಕೆಲಸ ಎಷ್ಟು ಸೂಕ್ಷ್ಮ ಅನ್ನುವುದನ್ನು ನಿನಗಿಂತ ಚೆನ್ನಾಗಿ ಬಲ್ಲವರು ಯಾರು?

ಅದಕ್ಕೇ ನಿನ್ನ ಮೂಗು ನನಗೆ ಬೇಕಾಗಿರುವುದು. ಹುರಿದದ್ದಕ್ಕೂ ಸೀದದ್ದಕ್ಕೂ ನಡುವಿನ ಗೆರೆ ಎಲ್ಲಿದೆ ಅಂತ ನೋಡು. ಕಾಫಿಯ ಹಿಂದೆ ಸಿಹಿಯಿಲ್ಲದ ಚಾಕೊಲೇಟ್, ಅದರ ಹಿಂದೆ ಜೋನಿಬೆಲ್ಲ, ಒಣದ್ರಾಕ್ಷಿ, ಇನ್ನೂ ಹಿಂದೆ ಅಂಜೂರ. ಇವು ಒಂದರ ಹಿಂದೊಂದು ಬಿಡಿಬಿಡಿಯಾಗಿ ಸಿಕ್ಕಬೇಕು. ಬೂದಿಯ ವಾಸನೆಯೊಂದೇ ಮುಂದೆ ನಿಂತು ಉಳಿದವನ್ನು ಮುಚ್ಚಿದರೆ ಅದು ಒಳ್ಳೆಯ ಸ್ಟೌಟ್ ಅಲ್ಲ, ಎಷ್ಟೇ ಗಟ್ಟಿಯಿರಲಿ. ಬೆಣ್ಣೆ ಬಂತೋ, ಹಸಿ ಸೇಬು ಬಂತೋ, ಯೀಸ್ಟ್ ತನ್ನ ಕೆಲಸ ಮುಗಿಸುವ ಮೊದಲೇ ಅವಸರ ಮಾಡಿದ್ದಾರೆ ಅಂತ ತಿಳಿ. ಒದ್ದೆ ರಟ್ಟಿನ ವಾಸನೆ ಬಂದರೆ ಒಳಗೆ ಗಾಳಿ ಹೊಕ್ಕಿದೆ. ಸೋಯಾ ಸಾಸಿನದ್ದು ಬಂದರೆ ಯೀಸ್ಟ್ ಸತ್ತು ಕರಗಿದೆ. ಕಪ್ಪು ಬಿಯರುಗಳು ಹಳೆಯದಾದಾಗ ಈ ಕೊನೆಯದು ಮೆಲ್ಲಗೆ ಬರುತ್ತದೆ, ಹುರಿದ ವಾಸನೆಯ ಮರೆಯಲ್ಲಿ ತಪ್ಪಿಸಿಕೊಳ್ಳುತ್ತದೆ.

ಇನ್ನು ಬಾಯಿ. ಇಲ್ಲಿ ಉಗಿಯುವ ಪದ್ಧತಿ ಇಲ್ಲ. ನೀವು ಬಟ್ಟಲು ಬಟ್ಟಲು ಉಗಿದು ಮುಂದೆ ಹೋಗುತ್ತೀರಿ, ಬಿಯರ್ ನೋಡುವವರು ನುಂಗಲೇಬೇಕು. ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ನಿಧಾನಕ್ಕೆ ಉಸಿರು ಬಿಟ್ಟು ನೋಡು, ಅರ್ಧ ರುಚಿ ಆಗ ಗೊತ್ತಾಗುತ್ತದೆ. ಕಹಿ ಎಷ್ಟು ಹೊತ್ತು ನಿಂತಿತು, ಎದೆಯಲ್ಲಿ ಬೆಚ್ಚಗಾಯಿತೋ ಗಂಟಲು ಉರಿಯಿತೋ, ಇವೆಲ್ಲ ನುಂಗದೆ ತಿಳಿಯುವ ವಿಷಯಗಳಲ್ಲ. ನಿನ್ನ ಬಾಟಲಿಯಲ್ಲಿ ಶೇ. 9ರಷ್ಟು ಮದ್ಯವಿದೆ. ಇಂಪೀರಿಯಲ್ ಸ್ಟೌಟ್ ಎಂಬ ವರ್ಗಕ್ಕೆ ಬಿಜೆಸಿಪಿಯ ಮಾರ್ಗಸೂಚಿಯಲ್ಲಿ ಹೇಳಿರುವುದು ಶೇ. 8ರಿಂದ 12. ಒಳ್ಳೆಯದರಲ್ಲಿ ಇಷ್ಟು ಮದ್ಯ ಬೆಚ್ಚನೆಯ ಹೊದಿಕೆಯಾಗಿ ಬರುತ್ತದೆ, ಕೆಟ್ಟದರಲ್ಲಿ ಸ್ಪಿರಿಟ್ ಮೂಸಿದಂತೆ ಘಾಟು ಹೊಡೆಯುತ್ತದೆ. ಹುದುಗುವಾಗ ಶಾಖ ಮೀರಿ ಏರಿದ್ದರೆ ಹಾಗಾಗುವುದುಂಟು.

ಕಹಿಯ ಬಗ್ಗೆ ನನಗೆ ಖಚಿತವಾದ ಅಭಿಪ್ರಾಯವಿದೆ, ನಿನಗಾದರೂ ಬಿಡಿಸಿ ಹೇಳಬೇಕು. ಇದರಲ್ಲಿ ಕಹಿ ಎರಡು ಕಡೆಯಿಂದ ಬರುತ್ತದೆ, ಹಾಪ್ಸ್ ಹೂವಿನಿಂದ ಮತ್ತು ಹುರಿದ ಕಾಳಿನಿಂದ. ಹಾಪ್ಸ್‌ನದು ನಾಲಿಗೆಯನ್ನು ತೊಳೆದು ಹೋಗುತ್ತದೆ. ಕಾಳಿನದು ಹದ ತಪ್ಪಿದರೆ ಹಸಿ ಅಡಿಕೆ ಜಗಿದಂತೆ ಒಗರಾಗಿ ಕೆನ್ನೆಯ ಒಳಗೋಡೆ ಹಿಡಿದುಕೊಳ್ಳುತ್ತದೆ. ಇಷ್ಟು ಮಾಲ್ಟ್, ಇಷ್ಟು ಮದ್ಯ, ಇಷ್ಟು ಉಳಿದ ಸಿಹಿ ಹೊತ್ತ ಪಾನೀಯಕ್ಕೆ ಆ ತೊಳೆಯುವ ಕಹಿ ಇಲ್ಲದೆ ಗತಿಯಿಲ್ಲ. ಅದು ಬಾಯನ್ನು ಖಾಲಿ ಮಾಡಿದರೆ ಮಾತ್ರ ಇನ್ನೊಂದು ಗುಟುಕಿಗೆ ಮನಸ್ಸಾಗುತ್ತದೆ. ಎಷ್ಟು ಜೋರು ಅನ್ನುವುದನ್ನು ನಾನು ಅಳೆಯುವುದಿಲ್ಲ ತಮ್ಮಾ. ಇನ್ನೊಂದು ಗುಟುಕು ಬೇಕು ಅನ್ನಿಸಿತೇ ಅಂತ ನೋಡುತ್ತೇನೆ, ಹತ್ತು ಅಂಕದ ಆ ಕೊನೆಯ ಕಲಂ ತುಂಬುವುದು ಅದರ ಮೇಲೆಯೇ.

ಈಗಿನ ಕ್ರಾಫ್ಟ್ ಬ್ರೂವರಿಗಳಲ್ಲಿ ಬಹಳಷ್ಟು ಇದರ ಎದುರು ದಾರಿ ಹಿಡಿದಿವೆ. ವೆನಿಲಾ, ತೆಂಗಿನತುರಿ, ಹಾಲಿನ ಸಕ್ಕರೆ, ಬೋರ್ಬನ್ ವಿಸ್ಕಿ ತುಂಬಿಟ್ಟಿದ್ದ ಪೀಪಾಯಿಯ ವಾಸನೆ, ಮೇಲೆ ಶೇ. 12, 14ರ ಮದ್ಯ. ಮೊದಲ ಗುಟುಕು ಬೆರಗುಗೊಳಿಸುತ್ತದೆ, ಸುಳ್ಳು ಹೇಳುವುದಿಲ್ಲ. ಮೂರನೆಯದಕ್ಕೆ ಬಾಯಿ ಕಟ್ಟುತ್ತದೆ. ಸ್ಪರ್ಧೆಯ ಮೇಜಿನಲ್ಲಿ ಸಣ್ಣ ಸಣ್ಣ ಲೋಟಗಳಲ್ಲಿ ನೋಡುವಾಗ ಅವೇ ಗೆಲ್ಲುತ್ತವೆ, ಯಾಕೆಂದರೆ ಅಲ್ಲಿ ಮೂರನೆಯ ಗುಟುಕಿಗೆ ಪುರಸೊತ್ತಿಲ್ಲ. ಈ ಅನ್ಯಾಯ ನನ್ನನ್ನು ನಿಜಕ್ಕೂ ಕಾಡುತ್ತದೆ. ಸದ್ದಿಲ್ಲದೆ ಕೂತ ಒಳ್ಳೆಯ ಬಿಯರಿಗೆ 34 ಬಿದ್ದು, ಪಾಯಸದಂಥದ್ದಕ್ಕೆ 42 ಬೀಳುವುದನ್ನು ನೋಡುವಾಗ ನಾನು ಮೇಜಿನಲ್ಲಿ ವಾದ ಮಾಡುತ್ತೇನೆ, ಮುಂದೆಯೂ ಮಾಡುವವಳೇ.

ನಿನಗೆ ಕಳಿಸಿದ್ದು ಈ ಊರಿನದೇ ಹಾರ್ವೀಸ್ ಬ್ರೂವರಿಯದು, ಊಸ್ ನದಿಯ ದಂಡೆಯಲ್ಲಿದೆ. ಆ ಸ್ಟೌಟಿನ ಮೂಲ ಮಾತ್ರ ಲಂಡನ್ನಿನದು. ಸದರ್ಕ್‌ನಲ್ಲಿ ಥ್ರೇಲ್ ಕುಟುಂಬದ ಆ್ಯಂಕರ್ ಬ್ರೂವರಿ ಇತ್ತು. ಹೆನ್ರಿ ಥ್ರೇಲ್ ತೀರಿಕೊಂಡಾಗ, ನಿಘಂಟು ಬರೆದ ಸ್ಯಾಮ್ಯುಯೆಲ್ ಜಾನ್ಸನ್ ಉಯಿಲು ಜಾರಿ ಮಾಡುವವರಲ್ಲಿ ಒಬ್ಬನಾಗಿದ್ದ. 1781ರಲ್ಲಿ ಆ ಬ್ರೂವರಿ 1,35,000 ಪೌಂಡಿಗೆ ಮಾರಾಟವಾಗಿ ಬಾರ್ಕ್ಲೇ ಪರ್ಕಿನ್ಸ್ ಆಯಿತು. ಅಲ್ಲಿನ ಗಟ್ಟಿ ಸ್ಟೌಟ್ ರಷ್ಯದ ರಾಣಿ ಕ್ಯಾಥರೀನಳ ಆಸ್ಥಾನಕ್ಕೆ ಹೋಗುತ್ತಿತ್ತು. ಬಾಲ್ಟಿಕ್ ದೇಶಗಳಿಗೆ ಅದನ್ನು ಬಾಟಲಿ ತುಂಬಿ ಸಾಗಿಸುತ್ತಿದ್ದ ವ್ಯಾಪಾರಿ ಮನೆತನ ಎ. ಲೆ ಕಾಕ್. 1869ರಲ್ಲಿ ಅವರ ಸರಕು ಹೊತ್ತ ಓಲಿವಾ ಎಂಬ ಹಡಗು ಬಾಲ್ಟಿಕ್ ಸಮುದ್ರದಲ್ಲಿ ಮುಳುಗಿತು, ಬಾಟಲಿಗಳು ಮೇಲೆ ಬಂದದ್ದು 1974ರಲ್ಲಿ. ಹಾರ್ವೀಸ್‌ನವರು 1999ರಲ್ಲಿ ಲೆ ಕಾಕ್ ಹೆಸರಿನಲ್ಲೇ ಆ ಸ್ಟೌಟನ್ನು ಮತ್ತೆ ಮಾಡಿದರು. ಆ ಮೊದಲ ತಯಾರಿಯಲ್ಲಿ ಒಂದು ಸಂಗತಿ ನಡೆಯಿತು. ಬಾಟಲಿ ಸೇರಿ ತಿಂಗಳುಗಳು ಕಳೆದ ಮೇಲೆ ಒಳಗೆ ಮತ್ತೆ ಹುದುಗು ಎದ್ದಿತು. ಬ್ರೂವರಿಯ ಯೀಸ್ಟ್ ಬಿಟ್ಟ ಸಕ್ಕರೆಯನ್ನು ಡಿಬರಿಯೋಮೈಸಿಸ್ ಎಂಬ ಕಾಡು ಯೀಸ್ಟ್ ತಿನ್ನತೊಡಗಿತ್ತು.

ನೀನು ಗುಟುಕರಿಸಿದಾಗ ಹುರಿದ ರುಚಿಯ ನಡುವೆ ತೆಳು ಹುಳಿಯೊಂದು, ಹಳೆಯ ಚರ್ಮದ ಚೀಲದ ವಾಸನೆಯೊಂದು ಎದ್ದು ಬಂದರೆ ಬೆಚ್ಚಬೇಡ. ತೀರ್ಪುಗಾರರು ಜಗಳವಾಡುವ ಜಾಗ ಇದೇ. ಬಿಜೆಸಿಪಿ ಮಾರ್ಗಸೂಚಿಯ ಪ್ರಕಾರ ಹಳೆಯ ಇಂಪೀರಿಯಲ್ ಸ್ಟೌಟಿನಲ್ಲಿ ಪೋರ್ಟ್ ವೈನಿನ ಛಾಯೆ ಇರಬಹುದು, ಹುಳಿ ಇರಕೂಡದು. ನಿಯಮ ಹಿಡಿದವರು ಅಂಕ ಕಡಿಯುತ್ತಾರೆ. ಆದರೆ 1904ರಲ್ಲಿ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಕ್ಲಾಸೆನ್ ಎಂಬ ವಿಜ್ಞಾನಿ, ಇಂಗ್ಲೆಂಡಿನಲ್ಲಿ ಬಹುಕಾಲ ಕೂಡಿಟ್ಟ ಬಿಯರುಗಳಿಗೆ ಅವುಗಳ ವಿಶೇಷ ಪರಿಮಳ ಬರುವುದೇ ಬ್ರೆಟ್ಟನೊಮೈಸಿಸ್ ಎಂಬ ಇನ್ನೊಂದು ಯೀಸ್ಟಿನಿಂದ ಅಂತ ತೋರಿಸಿದ್ದ. ಮರದ ಪೀಪಾಯಿಯಲ್ಲಿ ತಿಂಗಳಾನುಗಟ್ಟಲೆ ಕೂತ ಸ್ಟೌಟಿಗೆ ಆ ಚರ್ಮದ ವಾಸನೆ ಮಾಗಿದ ಗುರುತಾಗಿತ್ತು. ಈಗ ಅದೇ ಕೊಳೆತದ್ದರ ಪಟ್ಟಿಗೆ ಸೇರಿದೆ. ಹಾಗಂತ ಎಲ್ಲ ಹುಳಿಯೂ ಮಾಗಿದ್ದರ ಗುರುತಲ್ಲ. ಕೊಳಕು ಪೈಪಿನಿಂದ ಬಂದ ಹುಳಿ ಬರಿಯ ಹುಳಿ, ಅದು ನಾಲಿಗೆಯ ಮೇಲೆ ಒಂಟಿಯಾಗಿ ನಿಲ್ಲುತ್ತದೆ. ಒಣದ್ರಾಕ್ಷಿ, ಬೆಲ್ಲ, ಕಹಿ ಎಲ್ಲದರ ಕೈಹಿಡಿದು ಬಂದು, ಎಲ್ಲದರ ಜೊತೆಗೇ ಇಳಿದರೆ ನಾನು ಅದನ್ನು ದೋಷ ಎನ್ನುವುದಿಲ್ಲ. ತಕರಾರಿಗೆ ನಾನು ಸಿದ್ಧ.

ಬೆಂಗಳೂರಿನ ಬಗ್ಗೆಯೂ ಕೇಳಿದ್ದೀಯ. 2010ರಲ್ಲಿ ಇಂದಿರಾನಗರದಲ್ಲಿ ಟಾಯ್ಟ್ ಬ್ರೂವರಿ ತೆರೆದಾಗಿನಿಂದ ಅಲ್ಲಿನ ಮೈಕ್ರೋಬ್ರೂವರಿಗಳು ಸ್ಟೌಟನ್ನು ಬಿಟ್ಟಿಲ್ಲ, ಅದು ನನಗೆ ಸಂತೋಷ. ನಮ್ಮ ದೇಶದ ನಿಯಮದಲ್ಲಿ ಬಿಯರಿಗೆ ಶೇ. 8ರ ಮಿತಿಯಿದೆ. ಅದು ಅಡ್ಡಿಯೇನಲ್ಲ, ಎಂಟರಲ್ಲಿ ಘನವಾದ ಸ್ಟೌಟ್ ಮಾಡಬಹುದು. ಚಳಿದೇಶದ ಪಾನೀಯ ನಮಗೇಕೆ ಅನ್ನುವವರಿಗೆ ಶ್ರೀಲಂಕೆಯ ಲಯನ್ ಸ್ಟೌಟ್ ತೋರಿಸು. ನುವಾರ ಎಲಿಯದ ಬೆಟ್ಟದಲ್ಲಿ ಹುಟ್ಟಿದ ಅದನ್ನು ಬಿಯರ್ ಲೇಖಕ ಮೈಕಲ್ ಜಾಕ್ಸನ್ ಹೊರಜಗತ್ತಿಗೆ ಪರಿಚಯಿಸಿದ. ನಿಮ್ಮ ಕಾಫಿಯನ್ನು ಸ್ಟೌಟಿಗೆ ಹಾಕುವವರು ಯಾರಾದರೂ ಬಂದು ಕೇಳಿದರೆ ಮಾತ್ರ ಒಂದು ಮಾತು ಹೇಳು: ಕಡುಹುರಿದ ಬೀಜ ಬೇಡ. ಹುರಿದದ್ದು ಸ್ಟೌಟಿನಲ್ಲಿ ಆಗಲೇ ಇದೆ. ಅದರಲ್ಲಿಲ್ಲದ ತಾಜಾ ಹಣ್ಣಿನ ಘಮ ನಮ್ಮ ಅರೇಬಿಕಾದ ಹಗುರ ಹುರಿಯಲ್ಲಿದೆ.

ಒಂದೇ ಬಾಟಲಿ ತೆರೆ, ಅದೂ ಊಟವಾಗಿ ಒಂದು ಗಂಟೆ ಕಳೆದ ಮೇಲೆ. ಆ ದಿನ ಕಾಫಿ ರುಚಿ ನೋಡುವ ಕೆಲಸವಿದ್ದರೆ ಮಾರನೇ ದಿನಕ್ಕೆ ಹಾಕು, ದಣಿದ ನಾಲಿಗೆ ಒಗರನ್ನೇ ಹುಡುಕುತ್ತದೆ. ಪಕ್ಕದಲ್ಲಿ ನೀರು, ಖಾಲಿ ಬ್ರೆಡ್ಡು. ಮಿಕ್ಸ್ಚರ್, ಉಪ್ಪಿನಕಾಯಿ ಹತ್ತಿರವೂ ಇರಬಾರದು. ಎರಡನೆಯದನ್ನು ಮುಂದಿನ ವರ್ಷದ ಈ ಹೊತ್ತಿಗೆ ತೆಗೆ. ಕಹಿ ಇಳಿದು, ಒಣಹಣ್ಣು ಮುಂದೆ ಬಂದಿರುತ್ತದೆ, ಹೋಲಿಸಿ ನೋಡುವುದಕ್ಕೆ ಮೊದಲ ದಿನದ ಬರವಣಿಗೆ ಜೋಪಾನವಾಗಿಡು. ಅಮ್ಮನಿಗೆ ಮುಚ್ಚಿಡಬೇಡ. ಕುಡಿಯುವುದಿಲ್ಲ, ಗೊತ್ತು, ಮೂಸಲು ಕೊಡು. ಒಲೆಯ ಮೇಲಿನ ಬೀಜ ಯಾವ ಗಳಿಗೆಗೆ ಸೀಯುತ್ತದೆಂದು ಅಡುಗೆಮನೆಯ ಆಚೆಯಿಂದಲೇ ಹೇಳುತ್ತಿದ್ದವಳು. ಅವಳು ಏನಂದಳು ಅಂತ ಅವಳ ಮಾತಿನಲ್ಲೇ ಬರೆ.

ನಾನು ಇದಕ್ಕೆ ಕೊಟ್ಟ ಅಂಕ ಎಷ್ಟೆಂದು ಮೂರು ಸಲ ಕೇಳಿದ್ದೀಯ, ಹೇಳುವುದಿಲ್ಲ. ಒಂದೇ ಮೇಜಿಗೆ ಕೂತ ತೀರ್ಪುಗಾರರು ತಮ್ಮ ಹಾಳೆ ತುಂಬುವವರೆಗೆ ಒಬ್ಬರಿಗೊಬ್ಬರು ಬಾಯಿಬಿಡಬಾರದು. ಐದೂ ಕಲಂ ತುಂಬಿ, ಯಾಕೆ ಎಂಬುದನ್ನೂ ಬರೆದು ಕಳಿಸು. ನಿನ್ನದು ಕೈಸೇರಿದ ದಿನವೇ ನನ್ನದನ್ನು ಅಂಚೆಗೆ ಹಾಕುತ್ತೇನೆ.

ನಿನ್ನ
ಅಕ್ಕ