ಹಾಸನದಿಂದ ಹಿಮಪರ್ವತದವರೆಗೆ

ಸಹೋದರಿಯರೇ, ಹಾಸನವೆಂದರೆ ನಿಮಗೆ ನೆನಪಾಗುವುದು ಬೇಲೂರು, ಹಳೇಬೀಡು, ಆಲೂಗಡ್ಡೆ. ಮುಂದಿನ ಸಲ ಬಂದಾಗ ಸಾಲಗಾಮೆ ರಸ್ತೆಯ ಕಡೆಗೂ ಒಮ್ಮೆ ಹೋಗಿ. ಅಲ್ಲಿ ಆಕಾಶಕ್ಕೆ ಮುಖ ಮಾಡಿ ನಿಂತ ದೊಡ್ಡ ಆಂಟೆನಾಗಳಿವೆ. ಅದು ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ. ಊರಿನವರ ಬಾಯಲ್ಲಿ ಬರೀ ಎಂ.ಸಿ.ಎಫ್.

1982ರಲ್ಲಿ ಆರಂಭವಾದ ಈ ಕೇಂದ್ರದ ಕೆಲಸವೇನು ಗೊತ್ತೇ? ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಗಳು ಜಾಗ ತಪ್ಪದಂತೆ, ಮುಖ ತಿರುಗಿಸದಂತೆ ಹಗಲಿರುಳು ಕಾಯುವುದು. 2016ರಲ್ಲಿ ಹಾರಿಸಿದ ಇನ್ಸಾಟ್-3ಡಿಆರ್, 2024ರ ಫೆಬ್ರವರಿಯಲ್ಲಿ ಹಾರಿಸಿದ ಇನ್ಸಾಟ್-3ಡಿಎಸ್ ಹವಾಮಾನಕ್ಕೆಂದೇ ಇರುವ ಉಪಗ್ರಹಗಳು. ಟಿ.ವಿ. ವಾರ್ತೆಯಲ್ಲಿ ನೀವು ನೋಡುವ ಮೋಡದ ಚಿತ್ರ ಇಂಥವುಗಳದ್ದೇ.

ಆ ಚಿತ್ರದಿಂದ ಯಾರಿಗೆ ಏನು ಲಾಭ? ಕಾಶ್ಮೀರದ ಗುಲ್ಮಾರ್ಗನ್ನು ನೆನಪಿಸಿಕೊಳ್ಳಿ. ಚಳಿಗಾಲದಲ್ಲಿ ಅಲ್ಲಿ ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಸ್ಕೀಯಿಂಗ್ ಆಟಕ್ಕೆ ದೇಶ ವಿದೇಶದವರು ಸೇರುತ್ತಾರೆ. ಅಲ್ಲಿಗೆ ಹಿಮ ತರುವ ಮೋಡಗಳು ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಹೊರಟು ಇರಾನ್, ಅಫಘಾನಿಸ್ತಾನ ದಾಟಿ ಬರುತ್ತವೆ. ಉಪಗ್ರಹ ಅವುಗಳನ್ನು ದಾರಿಯಲ್ಲೇ ಕಾಣುತ್ತದೆ. ಹತ್ತಿರ ಬಂದಾಗ ರೇಡಾರ್ ಹಿಡಿಯುತ್ತದೆ. ಗಾಳಿಯ ವೇಗ, ಚಳಿ, ತೇವಾಂಶ ಎಲ್ಲವನ್ನೂ ಲೆಕ್ಕ ಹಾಕಿ ಹವಾಮಾನ ಇಲಾಖೆ ಹಳದಿ, ಕಿತ್ತಳೆ, ಕೆಂಪು ಎಂದು ಎಚ್ಚರಿಕೆ ಕೊಡುತ್ತದೆ.

ಹಿಮ ಬೀಳುವುದು ನಿಂತು ಬಿಸಿಲು ಬಂದರೂ ಅಪಾಯ ಮುಗಿಯುವುದಿಲ್ಲ. ಹಳೆಯ ಹಿಮದ ಮೇಲೆ ಕೂತ ಹೊಸ ಹಿಮ ಪದರವಾಗಿ ಜಾರಿಬಿಡುತ್ತದೆ. 2024ರ ಫೆಬ್ರವರಿಯಲ್ಲಿ ಗುಲ್ಮಾರ್ಗ್‌ನಲ್ಲಿ ಭಾರೀ ಹಿಮಪಾತದ ನಂತರ ಹೀಗೆಯೇ ಹಿಮ ಕುಸಿದು ವಿದೇಶಿ ಸ್ಕೀಗಾರನೊಬ್ಬ ಪ್ರಾಣ ಕಳೆದುಕೊಂಡ.

ಅದೇ ವರ್ಷ ಜೂನ್ ಮೊದಲ ವಾರದ ಸುದ್ದಿ ನಮ್ಮವರದೇ. ಉತ್ತರಾಖಂಡದ ಸಹಸ್ರತಾಲ್‌ಗೆ ಚಾರಣ ಹೋಗಿದ್ದ 22 ಮಂದಿಯ ತಂಡ ಹಿಮಗಾಳಿಗೆ ಸಿಕ್ಕಿತು. ಅವರಲ್ಲಿ ಹೆಚ್ಚಿನವರು ಬೆಂಗಳೂರಿನವರು. 9 ಮಂದಿ ಮರಳಿ ಬರಲಿಲ್ಲ. ಹೆಲಿಕಾಪ್ಟರ್ ಬಂದು ಉಳಿದವರಲ್ಲಿ ಹೆಚ್ಚಿನವರನ್ನು ಪಾರು ಮಾಡಿತು. ಆ ದಿನ ಟಿ.ವಿ. ಮುಂದೆ ಕೂತ ಎಷ್ಟು ತಾಯಂದಿರ ಎದೆ ಧಸಕ್ಕೆಂದಿರಬೇಕು!

ಈ ಪಾಠ ಕಲಿಯಲು ಹಿಮಾಲಯಕ್ಕೇ ಹೋಗಬೇಕೆಂದಿಲ್ಲ. ಹಾಸನದಿಂದ ಹೊಳೆನರಸೀಪುರಕ್ಕೆ ಬಸ್ಸು ಹತ್ತಿ. ಗೊರೂರು ಅಣೆಕಟ್ಟಿನ ಕೆಳಗೆ, ಹೇಮಾವತಿಯ ದಡದಲ್ಲಿದೆ ಈ ಊರು. ಮಳೆ ಸುರಿಯುವುದು ದೂರದ ಮೂಡಿಗೆರೆ, ಸಕಲೇಶಪುರದಲ್ಲಿ. 37 ಟಿ.ಎಂ.ಸಿ.ಯ ಜಲಾಶಯ ತುಂಬಿ ಬಾಗಿಲು ತೆರೆದರೆ ಹೊಳೆ ಉಕ್ಕುವುದು ಇಲ್ಲಿ, ತಲೆಯ ಮೇಲೆ ಬಿಸಿಲಿದ್ದಾಗಲೂ! ಅರಕಲಗೂಡು ತಾಲೂಕಿನ ರಾಮನಾಥಪುರದಲ್ಲಿ ಕಾವೇರಿಯದ್ದೂ ಅದೇ ಕಥೆ. ಮಳೆ ಕೊಡಗಿನದು, ನೀರು ಇಲ್ಲಿಯದು. ಮಳೆ ಕಡಿಮೆಯಿರುವ ಚನ್ನರಾಯಪಟ್ಟಣದ ತೆಂಗಿನ ತೋಟಗಳಲ್ಲಿ ಮುಂಗಾರಿಗೆ ಮುನ್ನ ಸಿಡಿಲಿನ ಭಯ. ಅದಕ್ಕೂ ಈಗ ಮೊಬೈಲಿನಲ್ಲಿ ‘ದಾಮಿನಿ’ ಎಂಬ ಆ್ಯಪ್ ಎಚ್ಚರಿಕೆ ಕೊಡುತ್ತದೆ.

ಅಂದರೆ, ನಮ್ಮ ಅಂಗಳದ ಆಕಾಶವನ್ನಷ್ಟೇ ನೋಡಿದರೆ ಸಾಲದು.

ಒಂದು ಜುಲೈಯಲ್ಲಿ ಹೆಣ್ಣುಮಕ್ಕಳನ್ನು ರಾಮನಾಥಪುರಕ್ಕೆ ಕರೆದೊಯ್ಯಲು ಸಿದ್ಧಳಾಗಿದ್ದೆ. ಬುತ್ತಿ ಕಟ್ಟಿಯಾಗಿತ್ತು. ಕೊಡಗಿಗೆ ಕಿತ್ತಳೆ ಎಚ್ಚರಿಕೆ ಬಂತು. ಪ್ರವಾಸ ನಿಲ್ಲಿಸಿದೆ. ಅಂದು ಸಂಜೆಯವರೆಗೂ ಬಿಸಿಲು! “ಆಪಾ, ಒಂದು ಹನಿಯೂ ಬೀಳಲಿಲ್ಲವಲ್ಲ” ಎಂದು ಮಕ್ಕಳು ಮುನಿಸಿಕೊಂಡರು. ಒಬ್ಬ ಹಿರಿಯರಂತೂ, “ಮಳೆಯ ಜ್ಞಾನ ಅಲ್ಲಾಹನದು, ಇವರೇನು ಹೇಳುವುದು?” ಎಂದುಬಿಟ್ಟರು.

ಅವರ ಮಾತಿನ ಮೊದಲ ಅರ್ಧ ನಮ್ಮ ಈಮಾನ್. ಅದೃಶ್ಯದ ಜ್ಞಾನ ಅಲ್ಲಾಹನಿಗೆ ಮಾತ್ರ. ಆದರೆ ಹವಾಮಾನದವರು ಅದೃಶ್ಯ ಹೇಳುತ್ತಿಲ್ಲ, ಅವನೇ ಇಟ್ಟ ಕುರುಹುಗಳನ್ನು ಓದುತ್ತಿದ್ದಾರೆ. ಮಗುವಿನ ಹಣೆ ಮುಟ್ಟಿ ‘ರಾತ್ರಿ ಜ್ವರ ಏರಬಹುದು’ ಎಂದು ನೀವು ಔಷಧಿ ತೆಗೆದಿಡುವುದಿಲ್ಲವೇ? ಜ್ವರ ಏರದಿದ್ದರೆ ಅಲ್‌ಹಮ್ದುಲಿಲ್ಲಾಹ್ ಎನ್ನುತ್ತೀರಿ, ಔಷಧಿ ತೆಗೆದಿಟ್ಟದ್ದು ತಪ್ಪಾಯಿತೆನ್ನುವುದಿಲ್ಲ.

ಕಪ್ಪು ಮೋಡ ಕಂಡಾಗ ಪ್ರವಾದಿ(ಸ)ರ ಮುಖದಲ್ಲಿ ಕಳವಳ ಮೂಡುತ್ತಿತ್ತು ಎಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಜನ ಮಳೆಯ ಆಸೆಯಿಂದ ಸಂತೋಷಪಡುವಾಗ ತಮಗೇಕೆ ಈ ಚಿಂತೆ ಎಂದು ಆಕೆ ಕೇಳಿದರು. ಆಗ ಪ್ರವಾದಿವರ್ಯರು ಆದ್ ಜನಾಂಗವನ್ನು ನೆನಪಿಸಿದರು. ಆ ಜನ ಬರುತ್ತಿದ್ದ ಮೋಡವನ್ನು ಮಳೆಯೆಂದೇ ಭಾವಿಸಿದ್ದರು, ಅದು ಶಿಕ್ಷೆಯ ಬಿರುಗಾಳಿಯಾಗಿತ್ತು. ಅಲ್ಲಾಹನ ಮೇಲೆ ಪ್ರವಾದಿ(ಸ)ರಿಗಿಂತ ಹೆಚ್ಚು ಭರವಸೆ ಯಾರಿಗಿತ್ತು ಹೇಳಿ? ಆದರೂ ಅವರು ಮೋಡವನ್ನು ಲಘುವಾಗಿ ಕಾಣಲಿಲ್ಲ.

ಈಗ ನಮ್ಮ ಮಕ್ಕಳೂ ಮನಾಲಿ, ಕಾಶ್ಮೀರ ಎನ್ನುತ್ತಿದ್ದಾರೆ. ಹೋಗಲಿ, ಅಲ್ಲಾಹನ ಸೃಷ್ಟಿಯನ್ನು ನೋಡಲಿ. ಬ್ಯಾಗಿನಲ್ಲಿ ಸ್ವೆಟರ್ ಇಡುವಾಗ ಇದನ್ನೂ ಹೇಳಿ ಕಳಿಸಿ: ಹೊರಡುವ ಮುನ್ನ ಮುನ್ಸೂಚನೆ ನೋಡು, ಸ್ಥಳೀಯರ ಮಾತು ಕೇಳು, ಬೇಡವೆಂದರೆ ಹಿಂದಿರುಗು. ದುಡ್ಡು ಹೋದರೆ ಹೋಗಲಿ, ಗೆಳೆಯರು ನಕ್ಕರೆ ನಗಲಿ. ಬೆಟ್ಟ ಅಲ್ಲೇ ಇರುತ್ತದೆ, ಇನ್‌ಶಾ ಅಲ್ಲಾಹ್ ಇನ್ನೊಂದು ವರ್ಷ ನೋಡಬಹುದು.