ಚುಕ್ತಾ ಆಗದ ಲೆಕ್ಕ

ಶಿರಸಿ ಸೀಮೆಯ ಕೆಂಪಡಿಕೆ ಯಾರಿಗಾಗಿಯೂ ಕಾಯುವುದಿಲ್ಲ. ಹಣ್ಣಾಗುವ ಮೊದಲೇ ಕೊನೆ ಕೊಯ್ದು, ಹಸಿರು ಮಾಸುವುದರೊಳಗೆ ಸುಲಿದು, ಹಂಡೆಯ ಚೊಗರಿನಲ್ಲಿ ಬೇಯಿಸಿ, ಅಟ್ಟದ ಮೇಲೆ ಒಣಹಾಕಬೇಕು. ತಡವಾದರೆ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ದರ ಬೀಳುತ್ತದೆ. ಒಂದೇ ಮನೆಯವರು ಕೂತು ಸುಲಿದರೆ ಒಂದು ಕೊಯ್ಲಿನ ರಾಶಿ ಹೊತ್ತಿಗೆ ಸರಿಯಾಗಿ ಮುಗಿಯುವಂಥದ್ದಲ್ಲ. ನಮ್ಮ ಕಡೆಯ ಮುಯ್ಯಾಳು, ಅಂದರೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೂಲಿಯಿಲ್ಲದೆ ಕೈಜೋಡಿಸುವ ಪದ್ಧತಿ, ಹುಟ್ಟಿದ್ದು ಈ ಅವಸರದಿಂದ.

"ನಾಳೆ ಯಮ್ಮನೆ ಕೊನೆ ಕೊಯ್ಲು, ಸುಲಿಯಲೆ ಬನ್ನಿ ಹಾಂ" ಎಂದು ಅಪ್ಪಯ್ಯ ಕೇರಿಯುದ್ದ ಹೇಳಿ ಬರುತ್ತಿದ್ದ. ಅಷ್ಟು ಸಾಕು. ಮರುದಿನ ಕೊನೆಗೌಡ ಮರದಿಂದ ಮರಕ್ಕೆ ದಾಟುತ್ತ ನೇಣಿನಲ್ಲಿ ಇಳಿಬಿಟ್ಟ ಕೊನೆಗಳೆಲ್ಲ ಅಂಗಳ ಸೇರಿ, ಕತ್ತಲಾಗಿ, ಊಟ ಮುಗಿದ ಮೇಲೆ ಒಬ್ಬೊಬ್ಬರೇ ತಂತಮ್ಮ ಮೆಟ್ಟುಗತ್ತಿ ಹಿಡಿದು ಬರುತ್ತಿದ್ದರು. ಲಾಟೀನಿನ ಸುತ್ತ ಕತ್ತಿಗಳು ಸಾಲಾಗಿ ಕೂರುತ್ತಿದ್ದವು. ಹಿಂದಿನ ವಾರದ ತಾಳಮದ್ದಲೆಯಲ್ಲಿ ಕರ್ಣ ಆಡಿದ ಮಾತು ಸರಿಯೋ ತಪ್ಪೋ ಎಂಬ ಚರ್ಚೆ, ಯಾರದೋ ಮಗಳ ಜಾತಕ, ಪೇಟೆಯಲ್ಲಿ ರಾಶಿ ಇಡಿಯ ದರ, ನಡುವೆ ಒಂದು ಸುತ್ತು ಕವಳ. ನಡುರಾತ್ರಿ ಆಯಿ ಚಹಾ, ಅವಲಕ್ಕಿ ತಂದಿಡುತ್ತಿದ್ದಳು. ಮಕ್ಕಳಾದ ನಾವು ಸಿಪ್ಪೆಯ ಗುಡ್ಡೆಗೆ ಒರಗಿ ಅಲ್ಲೇ ನಿದ್ದೆ ಹೋಗುತ್ತಿದ್ದೆವು.

ಆಳಿಗೆ ಆಳು, ಇದೊಂದೇ ನಿಯಮ. ಎಷ್ಟು ಸುಲಿದರೆಂದು ಯಾರೂ ಅಳೆಯುತ್ತಿರಲಿಲ್ಲ. ಕಣ್ಣು ಮಂಜಾದ ಮುದುಕರೊಬ್ಬರು ನಿಧಾನಕ್ಕೆ ಒಂದೊಂದೇ ಅಡಿಕೆ ಸುಲಿಯುತ್ತಿದ್ದರು. ಅವರ ರಾತ್ರಿಯೂ ಒಂದು ರಾತ್ರಿಯೇ, ಮಿಂಚಿನಂತೆ ಕೈಯಾಡಿಸುವ ಹುಡುಗನದೂ ಒಂದೇ. ಕೂಲಿಯ ಲೆಕ್ಕದಲ್ಲಿ ಆ ಮುದುಕರಿಗೆ ಜಾಗವೇ ಇರುತ್ತಿರಲಿಲ್ಲ. ತೋಟ ಚಿಕ್ಕದಾಗಿದ್ದವರು ಕೊಟ್ಟ ಆಳು ಹೆಚ್ಚಾಗಿ, ಪಡೆದದ್ದು ಕಡಿಮೆಯಾಗುತ್ತಿತ್ತು. ಅದು ಇನ್ನೊಂದು ರೂಪದಲ್ಲಿ, ಅವರ ಮನೆಯ ಮದುವೆಯಲ್ಲೋ ಮಳೆಗಾಲದ ಮೊದಲು ಸೋಗೆ ಹೊದಿಸುವಾಗಲೋ ತೀರುತ್ತಿತ್ತು. ಪೂರ್ತಿ ಮಾತ್ರ ಎಂದೂ ತೀರುತ್ತಿರಲಿಲ್ಲ. ಒಂದಿಷ್ಟು ಬಾಕಿ ಸದಾ ಉಳಿದಿರುತ್ತಿತ್ತು. ಊರು ಊರಾಗಿ ಉಳಿದಿದ್ದೇ ಆ ಬಾಕಿಯಿಂದ ಎಂದು ನನಗೀಗ ಅನ್ನಿಸುತ್ತದೆ.

ಜಪಾನಿನ ಶಿರಕಾವಾ-ಗೋ ಎಂಬ ಗುಡ್ಡಗಾಡಿನ ಹಳ್ಳಿಯಲ್ಲೂ ಹುಲ್ಲಿನ ಮಾಡು ಹೊದಿಸಲು ಊರಿಗೆ ಊರೇ ಸೇರುವ 'ಯುಯಿ' ಎಂಬ ಪದ್ಧತಿಯಿದೆ. ಆ ಮನೆಗಳು 1995ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ನಮ್ಮ ಸೋಗೆ ಮಾಡಿಗೆ ಮಂಗಳೂರು ಹಂಚು ಬಂತು. ಹಂಚು ಸೋರಲಿಲ್ಲ, ಒಳ್ಳೆಯದೇ ಆಯಿತು. ವರ್ಷಕ್ಕೊಮ್ಮೆ ಊರೆಲ್ಲ ನಮ್ಮ ಮಾಡು ಹತ್ತುವ ದಿನ ಮಾತ್ರ ಅದರೊಂದಿಗೇ ಹೋಯಿತು.

ಮುಯ್ಯಾಳಿನ ಈ ವೃತ್ತದೊಳಗೆ ಎಲ್ಲರೂ ಇರಲಿಲ್ಲ ಎಂಬುದನ್ನು ಮುಚ್ಚಿಡಲಾರೆ. ತೋಟವಿಲ್ಲದವರು ಅಂಗಳದ ಇನ್ನೊಂದು ಬದಿಯಲ್ಲಿ ಕೂತು ಡಬ್ಬದ ಲೆಕ್ಕದಲ್ಲಿ ಸುಲಿಯುತ್ತಿದ್ದರು. ಅವರಿಗೆ ಸಿಗುತ್ತಿದ್ದದ್ದು ಕೂಲಿ. ಅವರ ಗುಡಿಸಲಿಗೆ ಮುಯ್ಯಿ ತೀರಿಸಲು ನಾವು ಹೋದ ನೆನಪಿಲ್ಲ. ಹೋಗಬೇಕಿತ್ತು.

ಆದರೆ ಒಬ್ಬರಿಗೊಬ್ಬರು ಹೊಣೆಯಾಗುವ ಬುದ್ಧಿ ಅಂಗಳದಲ್ಲೇ ನಿಲ್ಲಲಿಲ್ಲ. 1904ರಲ್ಲಿ ಸಹಕಾರ ಕಾಯ್ದೆ ಬಂದ ಮರುವರ್ಷವೇ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರ ಪತ್ತಿನ ಸಂಘ ಕಟ್ಟಿದ್ದರು. 1923ರಲ್ಲಿ ಶಿರಸಿಯ ಅಡಿಕೆ ಬೆಳೆಗಾರರು ತೋಟಗಾರ್ಸ್ ಸೇಲ್ ಸೊಸೈಟಿ ಕಟ್ಟಿದರು. ಆ ಸೊಸೈಟಿಗಾಗಿ ದುಡಿದ ಕಡವೆ ಶ್ರೀಪಾದ ಹೆಗಡೆಯವರ ಹೆಸರನ್ನು ನಮ್ಮ ಹಿರಿಯರು ಇಂದಿಗೂ ಗೌರವದಿಂದ ಹೇಳುತ್ತಾರೆ. ದರ ಕುಸಿದು ಬೆಳೆಗಾರ ಕಂಗೆಟ್ಟಾಗ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರು ಕರ್ನಾಟಕ, ಕೇರಳ ಎರಡೂ ಕಡೆಯವರನ್ನು ಸೇರಿಸಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಆರಂಭಿಸಿದರು. ಒಂಟಿ ಬೆಳೆಗಾರನನ್ನು ಪೇಟೆ ಹೇಗೆ ನಡೆಸಿಕೊಳ್ಳುತ್ತದೆಂದು ಇವರಿಗೆಲ್ಲ ಗೊತ್ತಿತ್ತು. ಸಂಘಗಳು ಇಂದಿಗೂ ಇವೆ. ನಮ್ಮ ಅಡಿಕೆ ಈಗಲೂ ಒಟ್ಟಿಗೇ ಮಾರಾಟವಾಗುತ್ತದೆ, ಒಟ್ಟಿಗೆ ಸುಲಿಯುವುದು ಮಾತ್ರ ನಿಂತಿತು.

ಅದು ನಿಲ್ಲುವ ಮುಂಚೆ, ಅಪ್ಪಯ್ಯ ಹಾಸಿಗೆ ಹಿಡಿದ ವರ್ಷ ನಮ್ಮ ತೋಟದಲ್ಲಿ ಒಂದು ಅಡಿಕೆಯೂ ಹಾಳಾಗಲಿಲ್ಲ. ಯಾರೂ ಯಾರನ್ನೂ ಕರೆಯಲಿಲ್ಲ. ಆಚೆಮನೆ ಮಾವ ಮೊದಲು ನಮ್ಮದನ್ನು ಕೊಯ್ಯಿಸಿ, ಬೇಯಿಸಿ, ಆಮೇಲೆ ತಮ್ಮ ತೋಟಕ್ಕೆ ಕಾಲಿಟ್ಟರು. ಆಯಿ ದುಡ್ಡಿನ ಮಾತೆತ್ತಿದ್ದಕ್ಕೆ ಅವರು ಬೇಸರಪಟ್ಟುಕೊಂಡು ಚಹಾ ಕುಡಿಯದೆ ಹೋದರು. ದುಡ್ಡು ಕೊಟ್ಟಿದ್ದರೆ ಆ ಲೆಕ್ಕ ಅಂದೇ ಚುಕ್ತಾ ಆಗುತ್ತಿತ್ತು. ಮಾವನಿಗೆ ಅದೇ ಬೇಡವಾಗಿತ್ತು.

ಆಮೇಲೆ ಸುಲಿಯುವ ಯಂತ್ರ ಬಂತು. ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ, ಮೆಟ್ಟುಗತ್ತಿಯ ಮೇಲೆ ಬಗ್ಗಿ ಕೂತ ಬೆನ್ನುಗಳ ನೋವು ಕಂಡವನು ನಾನು. ಈಗ ಹಲವರು ಹಸಿ ಅಡಿಕೆಯನ್ನೇ ಮಾರಿಬಿಡುತ್ತಾರೆ. ಸಂಜೆಗೆ ದುಡ್ಡು ಖಾತೆಗೆ ಬೀಳುತ್ತದೆ, ಯಾರ ಹಂಗೂ ಇಲ್ಲ. ಹಂಗಿಲ್ಲದ ಬದುಕು ಸುಖವೆಂದೇ ನಾವೆಲ್ಲ ನಂಬಿದೆವು.

ಆಚೆಮನೆ ಮಾವ ಹೋದ ಮೇಲೆ ಅವರ ಮಗ ವೈಕುಂಠ ಸಮಾರಾಧನೆಯನ್ನು ಅಚ್ಚುಕಟ್ಟಾಗಿ ಮಾಡಿದ. ಅಡುಗೆಯವರು, ಬಡಿಸುವವರು ಎಲ್ಲರೂ ಪೇಟೆಯಿಂದ ಬಂದಿದ್ದರು. ನಾನು ವಾಡಿಕೆಯಂತೆ ಸೊಂಟಕ್ಕೆ ಶಾಲು ಕಟ್ಟಿ ಅಡುಗೆಮನೆಯ ಕಡೆ ಹೊರಟೆ. "ನೀವೆಂತಕೆ ಮಾಡ್ತ್ರಿ, ಜನ ಇದ್ದ. ಕೂತ್ಕಳಿ" ಎಂದು ಹುಡುಗ ಪ್ರೀತಿಯಿಂದಲೇ ತಡೆದು ಮೊದಲ ಪಂಕ್ತಿಯಲ್ಲಿ ಕೂರಿಸಿದ. ಅವನಪ್ಪನಿಗೆ ಸಲ್ಲಬೇಕಾದದ್ದನ್ನು ಇನ್ನೆಲ್ಲಿ, ಹೇಗೆ ಕೊಡುವುದೆಂದು ನನಗೆ ಇನ್ನೂ ಹೊಳೆದಿಲ್ಲ.